ಹಡಗು ಕದಲದ ಮೂರು ವರ್ಷ

ದುಬೈ, ೨೦೧೪

ಪಪ್ಪಾ,

ನಿಮ್ಮ ಹಡಗನ್ನು ಇಲ್ಲಿಯ ನಮ್ಮ ಕಂಪನಿ ಕೊಂಡಿದೆ, ಈಗ ಗುಜರಿಗೆ ಒಡೆಯುತ್ತಾರಂತೆ. ಯುದ್ಧಕ್ಕೆ ಟ್ಯಾಂಕು ಸಾಗಿಸುತ್ತಿದ್ದ ಆ ನೌಕಾಪಡೆ ಹಡಗಿನ ಸೇವಾ ಇತಿಹಾಸವನ್ನು ಟೈಪ್ ಮಾಡುವ ಕೆಲಸ ನನ್ನ ತಲೆಗೇ ಬಂತು.

ನೀವು ಅಡುಗೆಗಿದ್ದ ಕೊನೆಯ ಮೂರು ವರ್ಷ ಅದು ಬಂದರು ಬಿಟ್ಟು ಕದಲಿಯೇ ಇಲ್ಲ. ಮಮ್ಮಿಯ ಮಣ್ಣಿಗೂ ನೀವು ಬಾರದಿದ್ದ ವರ್ಷಗಳವು. ‘ಬದಲಿ ಅಡುಗೆಯವನಿಲ್ಲ, ರಜೆ ಇಲ್ಲ’ ಎಂದು ಹಡಗಿನ ಹಳೆಯ ದಾಖಲೆಯಲ್ಲಿ ನಿಮ್ಮ ಹೆಸರಿನ ಮುಂದೆ ಆರು ಸಲ ಬರೆದಿದ್ದಾರೆ.

“ಹಡಗು ಎಲ್ಲಿಗೂ ಹೋಗ್ಲಿಲ್ಲ ಅಲ್ವ ಮಾರಾಯ್ತಿ, ಆ ಮೂರು ವರ್ಷ ತೆಗಿ, ಖಲಾಸ್,” ಎಂದ ನಮ್ಮ ಮ್ಯಾನೇಜರ್ ಕ್ಲೈವ್. ನಾನು ತೆಗೆಯಲಿಲ್ಲ.

ಅವರ ಹತ್ತಿರ ಆರು ಸಲ ರಜೆ ಕೇಳಿದ ನೀವು ನನಗೆ ಒಂದು ಸಲ ಬರೆಯಬಾರದಿತ್ತೇ?

ಬರೆದಿದ್ದಿರೇನೋ. ಮಮ್ಮಿ ಹೋದ ಮೇಲೆ ಬಂದ ನಿಮ್ಮ ಕಾಗದಗಳನ್ನು ನಾನಿನ್ನೂ ಒಡೆದಿಲ್ಲ.