ಅಣ್ಣ ಜೆಟ್, ತಮ್ಮ ಜೆಟ್

ಕುಮಾಸಿ
೧೪ ಆಗಸ್ಟ್ ೧೯೯೬

ಪ್ರೀತಿಯ ಅಮ್ಮಾ,

ಈ ಕಾಗದ ಓದುವಾಗ ಅಜ್ಜಿಯನ್ನು ಪಕ್ಕಕ್ಕೆ ಕೂರಿಸಿಕೊ. ಗಂಡ ಸತ್ತವಳನ್ನು ದುಃಖದ ಕೋಣೆಯಿಂದ ಈಗಲೇ ಹೊರಗೆ ಬಿಡುವುದಿಲ್ಲವಂತೆ, ನನ್ನನ್ನೂ ಒಳಗೆ ಬಿಡುವುದಿಲ್ಲವಂತೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ. ಇಲ್ಲ, ಮಾಡುತ್ತಿಲ್ಲ. ಫುಫು ಮುದ್ದೆ ತಟ್ಟೆಯಲ್ಲೇ ಉಳಿಯುತ್ತದೆ.

ಊರಿಗೆ ಹೊರಡುವಾಗ ನೀನು ಒಂದೇ ಮಾತು ಹೇಳಿದ್ದೆ: ಅಪ್ಪನ ಗಾಡಿ ಮುಟ್ಟಬೇಡ. ಯಾಕೆ ಅಂತ ಹೇಳಲಿಲ್ಲ. ನಿನಗೆ ನೋಡಲಾಗುವುದಿಲ್ಲ ಅಂತ ನಾನೇ ಅಂದುಕೊಂಡೆ. ಚಿಕ್ಕಂದಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವಳಿಗೆ ಹೇಳದೆ ಬಿಟ್ಟ ಮಾತು ಅರ್ಥವಾಗುವುದಾದರೂ ಹೇಗೆ? ನಿನ್ನ ದುಃಖ ಕಳೆಯುವ ದಿನ ಕೆಟ್ಟು ನಿಂತ ಆ ಪ್ಯೂಜೋ ಕಾರನ್ನು ಸರಿಮಾಡಿ ಅದರಲ್ಲೇ ಬಂದು ನಿನ್ನನ್ನು ಕರೆತರಬೇಕು, ತಲೆಯಲ್ಲಿ ಅದೊಂದೇ ಇತ್ತು.

ಇಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬ್ಯುರೇಟರ್ ಬಿಚ್ಚಿ ಸುವಾಮೆಯ ಗ್ಯಾರೇಜಿನ ಬಾದು ಮೇಸ್ತ್ರಿ ಹತ್ತಿರ ಒಯ್ದೆ. "ಇಂಜಿನಿಯರಮ್ಮ ಬಂದ್ರು, ಸ್ಟೂಲ್ ಒರೆಸ್ರೋ!" ಅಂತ ಕೂಗಿದರು. ಫಸ್ಟ್ ಇಯರ್ ಅಷ್ಟೇ ಅಂದೆ. "ಹಾಗಾದ್ರೆ ಅರ್ಧ ಸ್ಟೂಲ್ ಒರೆಸಿ," ಅಂದರು. ಒಳಗೆ ಹಳೇ ಪೆಟ್ರೋಲು ಒಣಗಿ ಬೆಲ್ಲದ ಪಾಕದ ಹಾಗೆ ಅಂಟಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ತೂತಿಗೆ ತಂತಿ ಚುಚ್ಚಲು ಹೋದಾಗ ಕೈಗೇ ಹೊಡೆದರು. "ತಂತಿ ಹಾಕಿದ್ರೆ ತೂತು ಅಗಲ ಆಗುತ್ತೆ, ನಿಮ್ಮಪ್ಪನ ಗಾಡಿ ಕುಡುಕ ಆಗುತ್ತೆ. ಬಾಯಲ್ಲಿ ಊದು ತಾಯಿ." ಊದಿದೆ. ಎರಡು ದಿನ ನಾಲಿಗೆಗೆ ಬರೀ ಪೆಟ್ರೋಲಿನ ರುಚಿ.

ಅದರಲ್ಲಿ ಎರಡು ಪಿತ್ತಳೆ ಜೆಟ್ ಇದ್ದವು, ಪೆಟ್ರೋಲು ಹಾಯುವ ತೂತಿರುವ ಪುಟ್ಟ ತಿರುಪುಗಳು, ಅಕ್ಕಪಕ್ಕ, ನೋಡಲು ಒಂದೇ ಥರ. ಮೇಸ್ತ್ರಿ ಅವನ್ನು ಅವಳಿ ಮಕ್ಕಳು ಅನ್ನುತ್ತಾರೆ. "ತಮ್ಮ ಇಲ್ದಿದ್ರೆ ಗಾಡಿ ಏಳೋದೇ ಇಲ್ಲ. ಅಣ್ಣ ಇಲ್ದಿದ್ರೆ ಏಳುತ್ತೆ, ನಾಲ್ಕು ಹೆಜ್ಜೆ ತೆವಳುತ್ತೆ, ಜೋರಾಗಿ ಕಾಲೊತ್ತಿದ್ರೆ ಪೆಟ್ರೋಲು ಕುಡಿದು ಉಸಿರುಗಟ್ಟಿ ಸಾಯುತ್ತೆ. ಬಿಚ್ಚೋವಾಗ ಈಚೆ ಕಡೆಯಿಂದ ಮೊದಲು ಹೊರಗೆ ಬರೋನು ತಮ್ಮ, ಹಿಂದೆ ಬರೋನು ಅಣ್ಣ. ನೆನಪಿರಲಿ." ತಮ್ಮನನ್ನು ಮುಂದೆ ದೂಡಿ ಆಮೇಲೆ ತಾನು ಹುಟ್ಟುವವನೇ ಅಣ್ಣ ಅಂತ ನಮ್ಮಜ್ಜಿಯೂ ಹೇಳುತ್ತಿದ್ದರಲ್ಲ. ತಲೆಯಾಡಿಸಿದೆ.

ಗಾಡಿ ಶುರುವಾಯಿತು ಅಮ್ಮಾ. ಅಪ್ಪ ಕೆಮ್ಮಿದ ಹಾಗೇ ಕೆಮ್ಮಿ ಶುರುವಾಯಿತು. ಬೀದಿಯವರೆಲ್ಲ ಬಂದು ಕುಣಿದರು. ಆ ಸುದ್ದಿ ಅಪ್ಪನ ಸೋದರಮಾವ ಒಪೊಕು ಅಜ್ಜನಿಗೂ ತಲುಪಿತು. ಅತ್ತೆಯ ಮಗ ಅಜೆನಿಮ್ ಭಾವನನ್ನು ಕರೆದುಕೊಂಡು ಬಂದರು. ಕುಡಿಯಲು ನೀರು ಕೊಟ್ಟೆ, ಬಂದ ಕಾರಣ ಕೇಳಿದೆ. ಅಜ್ಜ ಅಂದರು:

"ಸತ್ತ ಗಾಡಿ ಮಕ್ಕಳಿಗಿರಲಿ ಅಂತ ನಿಮ್ಮಮ್ಮನಿಗೆ ಮಾತು ಕೊಟ್ಟಿದ್ದೆ. ಇದು ಸತ್ತಿಲ್ವಲ್ಲ, ಹಾಡ್ತಾ ಇದೆ. ನಮ್ಮ ಕುಲದ ಕಟ್ಟಳೆ ಗೊತ್ತಲ್ಲ, ಉಸಿರಿರೋದೆಲ್ಲ ನಿಮ್ಮಪ್ಪನ ಅಕ್ಕನ ಮಗನಿಗೆ."

ಆಗ ಗೊತ್ತಾಯಿತು ನೀನು ಮುಟ್ಟಬೇಡ ಅಂದದ್ದು ಯಾಕೆಂದು. ಮನೆ ಭಾವನಿಗೆ ಹೋಯಿತು, ಕೋಕೋ ತೋಟ ಹೋಯಿತು. ನಮಗೆ ಅಂತ ಉಳಿದಿದ್ದ ಒಂದೇ ಒಂದನ್ನು ನಾನೇ ಬದುಕಿಸಿ ಅವರ ಕೈಗೆ ಕೊಟ್ಟಂತಾಯಿತು.

ಕೀ ತರುತ್ತೇನೆ ಅಂತ ಹಿತ್ತಲಿಗೆ ಹೋದೆ. "ಕೀ ಹುಡುಕ್ತಿದ್ದೀಯೋ, ಎರಕ ಹೊಯ್ತಿದ್ದೀಯೋ?" ಅಂತ ಭಾವ ಕೂಗಿ ನಕ್ಕ. ಕೈಗೆ ಕೊಟ್ಟಾಗ ಮೆಲ್ಲಗೆ ಅಂದ: "ಮುಖ ಊದಿಸ್ಬೇಡ ಸೆರ್ವಾ. ಅತ್ತೇನ ಊರಿಂದ ಇದರಲ್ಲೇ ಕರ್ಕೊಂಡು ಬರ್ತೀನಿ. ನಾನೇನು ಕಳ್ಳ ಅಲ್ಲ."

ಗಾಡಿ ಎದ್ದಿತು. ಭಾವ ಒಬ್ಬನನ್ನೇ ಹೊತ್ತು ಗೇಟು ದಾಟಿ ತೆವಳುತ್ತಾ ಹೋಯಿತು. ಸರ್ಕಲ್ಲಿನ ಮಧ್ಯೆ ನಿಂತುಹೋಯಿತಂತೆ. ಹಿಂದೆ ಇಳಿಜಾರಿನಲ್ಲಿ ದಿಮ್ಮಿ ಲಾರಿ ಬರುತ್ತಿತ್ತು. ಅಜೆನಿಮ್ ಭಾವ ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಹಳೇ ಇಂಜಿನ್, ಹಾಗೆಲ್ಲ ಆಗುತ್ತೆ ಅಂದೆ. ಯಾರೂ ನಂಬಲಿಲ್ಲ. ಮಕ್ಕಳದ್ದನ್ನು ಕಿತ್ತುಕೊಂಡದ್ದಕ್ಕೆ ಅಪ್ಪನೇ ಬಂದು ಎಳೆದುಕೊಂಡ ಅನ್ನುತ್ತಿದ್ದಾರೆ. ಒಪೊಕು ಅಜ್ಜ ಸತ್ತವರಿಗೆ ಅಂತ ನೆಲಕ್ಕೆ ಸಾರಾಯಿ ಸುರಿದು, ಆ ಗಾಡಿ ನಿಮ್ಮದೇ, ನಮಗೆ ಬೇಡ, ಅಂದುಬಿಟ್ಟರು. ಅಪ್ಪಚ್ಚಿಯಾದದ್ದನ್ನು ತಂದು ಮನೆ ಮುಂದೆ ಇಳಿಸಿ ಹೋಗಿದ್ದಾರೆ. ಭಾವನ ಅಮ್ಮ ನನ್ನ ಕಾಲು ಹಿಡಿದುಕೊಂಡರು. "ನಿಮ್ಮಪ್ಪನಿಗೆ ಹೇಳೇ, ನಿನ್ನ ಮಾತು ಕೇಳ್ತಾನೆ. ಇನ್ನು ಸಾಕು ಅಂತ ಹೇಳೇ." ಹೇಳ್ತೀನಿ ಅತ್ತೆ ಅಂದೆ.

ಅಜ್ಜಿ ಪಕ್ಕದಲ್ಲೇ ಇದ್ದಾರಲ್ಲವೇ?

ನಿನ್ನ ಮಗಳು,
ಸೆರ್ವಾ

ಮರೆತಿದ್ದೆ: ಇದನ್ನು ಅಜ್ಜಿಗೆ ಓದಿ ಹೇಳಬೇಡ. ಕೀ ತರುತ್ತೇನೆ ಅಂತ ಹಿತ್ತಲಿಗೆ ಹೋದಾಗ ನಾನು ಸ್ಕ್ರೂಡ್ರೈವರ್ ಹಿಡಿದು ಅಲ್ಲಿದ್ದ ಗಾಡಿಯ ಬಾನೆಟ್ ಎತ್ತಿದ್ದೆ. ಗಾಡಿ ಏಳಲೇಬಾರದು, ಸತ್ತಿದೆ ಅಂತ ಬಿಟ್ಟುಹೋಗಲಿ, ಅಷ್ಟೇ. ತಮ್ಮನನ್ನು ತೆಗೆಯಬೇಕಿತ್ತು. ಅವಸರದಲ್ಲಿ ಎರಡನ್ನೂ ಬಿಚ್ಚಿದೆ. ಹಾಸ್ಟೆಲ್ ಬುದ್ಧಿ, ಮೊದಲು ಬಂದವನೇ ಅಣ್ಣ ಅಂತ ಅವನನ್ನು ವಾಪಸ್ ಹಾಕಿ, ಎರಡನೆಯವನನ್ನು ಇಟ್ಟುಕೊಂಡೆ. ಈಗ ನನ್ನ ಸೋಪಿನ ಡಬ್ಬಿಯಲ್ಲಿ ಇರುವವನು ಅಣ್ಣ.