ಅರ್ಧದಲ್ಲಿ ನಿಂತ ಅಕ್ಕನ ದನಿ

ಮಾತು ನಿಂತರೂ ವಾದ ನಿಲ್ಲಿಸದ ಅಕ್ಕನಿಗೆ,

ನೀನು ಎದುರಿನ ಮಂಚದ ಮೇಲೇ ಇದ್ದೀಯ. ನಾನು ಕಿಟಕಿಯ ಬಳಿ, ಹೊಲಿಗೆ ಮಿಷನ್ನಿನ ಮೇಲೆ ಕಾಗದವಿಟ್ಟುಕೊಂಡು ಬರೆಯುತ್ತಿದ್ದೇನೆ. ಬಾಯಿಬಿಟ್ಟೇ ಹೇಳಬಹುದಿತ್ತು. ಆದರೆ ನಿನ್ನ ಪರವಾಗಿ ಮಾತಾಡುವ ಕಂಪ್ಯೂಟರ್ ಸುಮ್ಮನಿರುವಾಗ ನಾನೊಬ್ಬನೇ ಹರಟುವುದು, ಕೈ ಕಟ್ಟಿದವರ ಜೊತೆ ಜಗಳಕ್ಕೆ ನಿಂತಂತೆ. ಅದೂ ಅಲ್ಲದೆ, ನನ್ನ ದನಿ ನಡುಗಿದರೆ ನಿನಗೆ ಗೊತ್ತಾಗಿಬಿಡುತ್ತದೆ.

ನನಗೆ ಭಯವಾಗುತ್ತಿದೆ ಅಕ್ಕ. ನಿನ್ನ ಕಂಪ್ಯೂಟರಿಗೆ ಹಾಕುತ್ತಿರುವ ಹೊಸ ಆಪರೇಟಿಂಗ್ ಸಿಸ್ಟಂ ಅರ್ಧ ದಾಟಿ ಅಲ್ಲೇ ನಿಂತುಬಿಟ್ಟಿದೆ. ‘ಕಂಪ್ಯೂಟರ್ ಆಫ್ ಮಾಡಬೇಡಿ’ ಎಂಬ ಸಾಲು ಬಿಟ್ಟರೆ ಪರದೆಯ ಮೇಲೆ ಬೇರೆ ಸುದ್ದಿಯಿಲ್ಲ. ಸಂಜೆ ಡಾಕ್ಟರ್ ಬರುತ್ತಾರೆ. ಉಸಿರಾಟಕ್ಕೆ ಯಂತ್ರ ಜೋಡಿಸಬೇಕೋ ಬೇಡವೋ ಎಂದು ನಿನ್ನನ್ನೇ ಕೇಳುತ್ತಾರೆ. ನಿನ್ನ ಉತ್ತರವೇನೆಂದು ನೀನು ನನಗೂ ಹೇಳಿಲ್ಲ. ರೆಪ್ಪೆ ಮುಚ್ಚಿ ತೆರೆದು ಹೌದು, ಇಲ್ಲ ಎಂದರೂ ಸಾಕು ಎಂದು ಅವರು ಹೇಳಿದಾಗ ನೀನು ಏನೆಂದೆ? “ಸಾಯೋ ಬದುಕೋ ಮಾತನ್ನ ಕಣ್ಣು ಹೊಡೆದು ಹೇಳೋಕಾಗುತ್ತಾ ಡಾಕ್ಟ್ರೇ?” ಅವರು ನಕ್ಕರು. ನಾನು ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ ಅತ್ತೆ.

ಹಳೆಯ ಸಿಸ್ಟಂ ಚೆನ್ನಾಗಿಯೇ ಇತ್ತು. ಆದರೆ ಕೈಕಾಲು ಸೋತ ಮೇಲೆ ಅಕ್ಷರದ ಗುಂಡಿ ಒತ್ತುತ್ತಿದ್ದ ನಿನ್ನ ಕೆನ್ನೆಯೂ ಈಗ ಕೈಕೊಡುತ್ತಿದೆ. ಕಣ್ಣಿನ ನೋಟದಿಂದಲೇ ಅಕ್ಷರ ಆರಿಸುವ ಕ್ಯಾಮೆರಾ ತಂದರೆ, ಅದು ಹಳೆಯದಕ್ಕೆ ಒಗ್ಗಲಿಲ್ಲ. ಅಪ್‌ಗ್ರೇಡ್ ಮಾಡದಿದ್ದರೆ ನಿನಗೆ ಮಾತಿಲ್ಲ. ಮಾಡಿದರೆ ಅದರೊಳಗಿನ ನಿನ್ನ ಸ್ವಂತ ದನಿ ಉಳಿಯುವ ಭರವಸೆಯಿಲ್ಲ. ಅತ್ತ ದರಿ, ಇತ್ತ ಪುಲಿ.

ನಾಲಿಗೆ ತೊದಲಲು ಶುರುವಾದಾಗ ನೀನು ನನ್ನ ಬೀರುವಿನೊಳಗೆ, ಗಿರಾಕಿಗಳ ಕೋಟುಗಳ ನಡುವೆ ಕೂತು, ಹೊರಗಿನ ಸದ್ದು ಕೇಳದಂತೆ ಬಾಗಿಲೆಳೆದುಕೊಂಡು ಆ ದನಿಯನ್ನು ರೆಕಾರ್ಡ್ ಮಾಡಿ ಕೂಡಿಟ್ಟೆ. ಕೋಟು ಕೇಳಿಕೊಂಡು ಬಂದವರೊಬ್ಬರಿಗೆ ನೀನು ಬೀರುವಿನೊಳಗಿಂದಲೇ “ನಾಳೆ ಬನ್ನಿ” ಅಂದೆ. ಆ ಮನುಷ್ಯ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

“ಬ್ಯಾಕಪ್ ತಗೊಂಡ್ರೆ ಸಾಲ್ದು, ತೆಗೆದು ಕೇಳಿ ನೋಡಿ” ಎಂದರು ಕಂಪ್ಯೂಟರ್ ರಿಪೇರಿಯವರು. ಬೇರೆ ಕಂಪ್ಯೂಟರಿಗೆ ಹಾಕಿ ಕೇಳಿದೆವು, ನಿನ್ನದೇ ದನಿ. ಎರಡೆರಡು ಸಲ ಅಳೆದು ಕತ್ತರಿ ಹಾಕುವವನು ನಾನು. ಪ್ಲಗ್ ಕಳಚದಂತೆ ಟೇಪು ಸುತ್ತಿದ್ದೇನೆ. ಇವತ್ತೊಂದು ದಿನ ಇಸ್ತ್ರಿ ಪೆಟ್ಟಿಗೆ ಹಾಕಬೇಡಿ, ಫ್ಯೂಸ್ ಹೋದೀತು ಎಂದು ಮೇಲಿನ ಮನೆಯವರಿಗೆ ಕೈ ಮುಗಿದು ಬಂದಿದ್ದೇನೆ. ಶುರುಮಾಡುವ ಮುಂಚೆ, ಕೆನ್ನೆಯಲ್ಲಿ ಉಳಿದ ಶಕ್ತಿಯನ್ನೆಲ್ಲ ಕೂಡಿಸಿ ನೀನು ಹೇಳಿದ್ದು: “ಪೆದ್ದ, ಕರೆಂಟ್ ಹೋದ್ರೆ ಕಿವಿ ಹಿಂಡ್ತೀನಿ.” ನೀನು ‘ಪೆ’ ಒತ್ತಿದರೆ ಸಾಕು, ನಿನ್ನ ಜೊತೆ ಪಳಗಿದ ಆ ಯಂತ್ರ ತಾನೇ ‘ಪೆದ್ದ’ ಎಂದು ಮುಂದಿಡುತ್ತಿತ್ತು.

ನೀನು ಉಸಿರಾಟದ ಯಂತ್ರ ಬೇಡವೆಂದರೆ ನಾನು ತಲೆಯಾಡಿಸಬೇಕು. ಅದೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ನನ್ನಿಂದಾಗದು ಅಕ್ಕ. ನೀನಿಲ್ಲದೆ ಈ ಮನೆಯಲ್ಲಿ ನನ್ನನ್ನು ಬೈಯುವವರು ಯಾರು?

ಇಷ್ಟು ಬರೆಯುವಷ್ಟರಲ್ಲಿ ಪರದೆ ಕಪ್ಪಾಯಿತು. ಎದ್ದು ಓಡಿದೆ.

ಈಗ ಮತ್ತೆ ಕೂತಿದ್ದೇನೆ. ಕಂಪ್ಯೂಟರ್ ಎದ್ದಿದೆ. ಕ್ಯಾಮೆರಾ ನಿನ್ನ ಕಣ್ಣನ್ನು ಗುರುತಿಸಿತು. ದನಿಯೂ ನಿನ್ನದೇ. ಆದರೆ ಅದು ನಿನ್ನಿಂದ ಕಲಿತ ಪದಗಳೆಲ್ಲ ಹೋಗಿವೆ. ರಿಪೇರಿಯವರಿಗೆ ಫೋನ್ ಮಾಡಿದೆ; ಹಳೆಯ ಪದಗಳನ್ನು ಹೊಸದು ಓದುವುದಿಲ್ಲವಂತೆ, ಎಲ್ಲವನ್ನೂ ಮೊದಲಿನಿಂದ ಕಲಿಸಬೇಕಂತೆ. ಡಾಕ್ಟರಿಗೆ ಹೇಳಬೇಕಾದ್ದನ್ನಷ್ಟೇ ಈಗಲೇ ಬರೆದಿಟ್ಟುಕೋ, ಕಣ್ಣು ಸೋತೀತು ಎಂದು ಬೇಡಿಕೊಂಡೆ. ನೀನು ಯಾವತ್ತು ನನ್ನ ಮಾತು ಕೇಳಿದ್ದೀಯ? ಒಂದೊಂದೇ ಅಕ್ಷರ ನೋಡಿ, ತಪ್ಪಿ, ಅಳಿಸಿ, ಕೊನೆಗೆ “ಪೆದ್ದ” ಅಂದೆ.

‘ಈ ಪದವನ್ನು ನೆನಪಿಡಬೇಕೇ?’ ಎಂದು ಯಂತ್ರ ಕೇಳಿತು. ನೀನು ‘ಹೌದು’ ಎಂಬುದರ ಮೇಲೆ ಕಣ್ಣಿಟ್ಟೆ. ಈಗ ‘ಕೋತಿ’ ಕಲಿಸುತ್ತಿದ್ದೀಯ. ಹೊರಟು ನಿಂತವರು ಯಂತ್ರಕ್ಕೆ ಬೈಗುಳ ಕಲಿಸುತ್ತಾ ಕೂರುತ್ತಾರೆಯೇ ಅಕ್ಕ?

ಮೆಟ್ಟಿಲ ಮೇಲೆ ಡಾಕ್ಟರ ಹೆಜ್ಜೆ ಸದ್ದು. ನಿನ್ನ ಉತ್ತರ ಏನೇ ಇರಲಿ, ಅದನ್ನು ಕಡೆಯ ಅಕ್ಷರದವರೆಗೂ ಹೇಳುವಷ್ಟು ಉಸಿರು ನಿನಗಿರಲಿ.

ಬೈಸಿಕೊಳ್ಳಲು ಕಾದಿರುವ ನಿನ್ನ ತಮ್ಮ,
ಪೆದ್ದ