ನೆಲದ ಪಾಲು

ಅಪ್ಪಾ,

ನೀನು ತೀರಿಹೋಗಿ ಎರಡು ವರ್ಷವಾದರೂ ಈ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕು. ವಿಶ್ವವಿದ್ಯಾಲಯದ ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದೆ. ನಮ್ಮ ಬೆಟ್ಟದ ನೀರು ಗಣಿಗೋ ಹೊಲಕ್ಕೋ ಎಂಬುದೇ ವಿಷಯ. ಬಹುಮಾನವೆಂದು ನಿನ್ನೆ ರಾಜಧಾನಿ ಲಿಮಾದ ಭಾರಿ ಹೋಟೆಲೊಂದರಲ್ಲಿ ತೀರ್ಪುಗಾರರ ಜೊತೆ ಊಟ. ಇಷ್ಟಗಲದ ತಟ್ಟೆಯಲ್ಲಿ ನಮ್ಮ ಬೆಟ್ಟದ ನೇರಳೆ ಬಣ್ಣದ ಆಲೂಗಡ್ಡೆ, ಒಂದೇ ಒಂದು. ಎಲ್ಲರೂ ಅದರ ಫೋಟೊ ತೆಗೆದುಕೊಂಡರು.

ತೀರ್ಪುಗಾರ ಅರಿಸ್ಮೆಂದಿ ನಕ್ಕರು. "ಚೆನ್ನಾಗಿ ಮಾತಾಡಿದೆಯಮ್ಮ. ಆದ್ರೆ ರಾಜಕೀಯ ವೇದಿಕೆ ಮೇಲೇ ಇರ್ಲಿ, ಊಟಕ್ಕೆ ಬೇಡ."

"ಈ ಆಲೂಗಡ್ಡೆ ಯಾವ ನೀರು ಕುಡಿದು ಬೆಳೀತು ಸಾರ್?" ಎಂದೆ. ಊಟವನ್ನೂ ರಾಜಕೀಯವನ್ನೂ ಬೇರೆ ಬೇರೆ ತಟ್ಟೆಗೆ ಬಡಿಸುವವರನ್ನು ನಾನು ನಂಬುವುದಿಲ್ಲ.

ಆಮೇಲೆ ಮೆಕ್ಕೆಜೋಳದ ಹೆಂಡ, ಚೀಚಾ, ಬಂತು. ನೀನು ಮಾಡುತ್ತಿದ್ದ ಹಾಗೆಯೇ, ಕುಡಿಯುವ ಮುಂಚೆ ಭೂಮಿತಾಯಿಗೆಂದು ಮೊದಲ ಗುಟುಕನ್ನು ಆ ಬಿಳಿ ನೆಲದ ಮೇಲೆ ಸುರಿದೆ.

ನಾನು ಕಾಲೇಜು ಸೇರಿದ ದಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ನೀನು ಹೀಗೇ ಸುರಿದಾಗ, "ಜನ ನೋಡ್ತಿದಾರೆ, ಅಪ್ಪ" ಎಂದಿದ್ದೆ. ನೀನು ಬಗ್ಗಿ, ನಿನ್ನ ಟೋಪಿಯಿಂದಲೇ ನೆಲ ಒರೆಸಿದ್ದೆ.

ನಿನ್ನೆ ಬಡಿಸುವವರು ಬಟ್ಟೆ ಹಿಡಿದು ಓಡಿ ಬಂದರು. ನಾನು ಕಾಲು ಅಡ್ಡವಿಟ್ಟೆ.

"ಒರೆಸ್ಬೇಡಿ. ಅದು ನೆಲದ ಪಾಲು. ಜನ ನೋಡ್ಲಿ."